ಕತ್ತಿನ ನರುಳ್ಳೆಗೂ ಕರುಳಿನ ಪಾಲಿಪ್‌ಗೂ ನಂಟಿದೆಯೇ? ಪರಿಶೀಲಿಸುವುದು ಹೀಗೆ

ಕತ್ತಿನ ಸುತ್ತ, ಕಂಕುಳಲ್ಲಿ, ರೆಪ್ಪೆಯ ಮೇಲೆ ಸಣ್ಣ ತೊಟ್ಟಿನಿಂದ ಜೋತುಬೀಳುವ ಮೆತ್ತನೆಯ ಗಂಟುಗಳನ್ನು ವೈದ್ಯರು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ಮನೆಮಾತಿನಲ್ಲಿ ಅವೂ ನರುಳ್ಳೆಗಳೇ. ಇವು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆದರೂ ‘ಇವು ಹೆಚ್ಚಿದ್ದರೆ ದೊಡ್ಡ ಕರುಳಿನಲ್ಲಿ ಪಾಲಿಪ್ ಇರುತ್ತದಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ಗಾಬರಿಯಾಗುವವರಿದ್ದಾರೆ. ಪಾಲಿಪ್ ಎಂದರೆ ಕರುಳಿನ ಒಳಪದರದಲ್ಲಿ ಬೆಳೆಯುವ ಗಂಟು, ಕೆಲವು ಮುಂದೆ ಕ್ಯಾನ್ಸರ್ ಆಗಬಹುದು.

ಆ ಮಾತಿಗೆ ಮೂಲವಿದೆ. 1983ರಲ್ಲಿ ಅಮೆರಿಕದ ಕೆಲವು ವೈದ್ಯರು, ಕೊಲೊನೊಸ್ಕೋಪಿಗೆ (ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ) ಬಂದವರಲ್ಲಿ ಸ್ಕಿನ್ ಟ್ಯಾಗ್ ಇದ್ದವರಿಗೆ ಪಾಲಿಪ್ ಹೆಚ್ಚು ಕಂಡಿತೆಂದು ವರದಿ ಮಾಡಿದರು. ಆದರೆ ಅಲ್ಲಿಗೆ ಬಂದವರು ಮೊದಲೇ ಏನಾದರೊಂದು ಕಾರಣಕ್ಕೆ ಕರುಳಿನ ಪರೀಕ್ಷೆ ಬೇಕಾದವರು. ಮೇಲಾಗಿ ವಯಸ್ಸಾದಂತೆ ಟ್ಯಾಗೂ ಹೆಚ್ಚುತ್ತದೆ, ಪಾಲಿಪ್ಪೂ ಹೆಚ್ಚುತ್ತದೆ. ಮುಂದೆ ನಡೆದ ಹಲವು ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ. ಬರೀ ಸ್ಕಿನ್ ಟ್ಯಾಗ್ ಇದೆಯೆಂದು ಕೊಲೊನೊಸ್ಕೋಪಿ ಮಾಡಿಸಬೇಕಾಗಿಲ್ಲ. ಹಾಗಾದರೆ ನೋಡಬೇಕಾದ್ದು ಏನನ್ನು?

ಹೆಜ್ಜೆ 1: ಗಂಟು ಯಾವುದೆಂದು ತಿಳಿಯಿರಿ. ಚರ್ಮವೈದ್ಯರು ಸಾಮಾನ್ಯವಾಗಿ ನೋಡಿಯೇ ಗುರುತಿಸುತ್ತಾರೆ. ಅದಕ್ಕೂ ಮುಂಚೆ ಸುಣ್ಣ ಹಚ್ಚಿ ಸುಡುವುದು, ದಾರ ಕಟ್ಟಿ ಉದುರಿಸುವುದು ದಯವಿಟ್ಟು ಬೇಡ. ಗಾಯ ಕೀವಾಗುವುದಷ್ಟೇ ಅಲ್ಲ, ಪರೀಕ್ಷಿಸಬೇಕಾದ ಗಂಟೇ ಕೈತಪ್ಪಿಹೋಗುತ್ತದೆ.

ಕರುಳಿನ ಜೊತೆ ನಿಜವಾದ ನಂಟಿರುವ ಚರ್ಮದ ಗುರುತುಗಳು ಬೇರೆಯೇ ಇವೆ, ಎಲ್ಲವೂ ಅಪರೂಪ. ಗಾರ್ಡ್ನರ್ ಸಿಂಡ್ರೋಮ್‌ನಲ್ಲಿ ಚಿಕ್ಕ ವಯಸ್ಸಿಗೇ ಮುಖ, ತಲೆ, ಕೈಕಾಲುಗಳಲ್ಲಿ ಚರ್ಮದಡಿಯ ಗಂಟುಗಳು ಏಳುತ್ತವೆ. ದವಡೆಯ ಮೂಳೆ ಗಂಟು ಕಟ್ಟಬಹುದು, ಹೆಚ್ಚುವರಿ ಹಲ್ಲುಗಳೂ ಇರಬಹುದು. ಇದು ಎಪಿಸಿ ಎಂಬ ಜೀನಿನ ದೋಷ, ಹೆಚ್ಚಾಗಿ ಮನೆತನದಲ್ಲಿ ಹರಿದುಬರುತ್ತದೆ. ಕರುಳಿನಲ್ಲಿ ನೂರಾರು ಪಾಲಿಪ್‌ಗಳಾಗಿ, ಚಿಕಿತ್ಸೆಯಿಲ್ಲದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಅದಕ್ಕೇ ಇಂಥ ಮನೆಯ ಮಕ್ಕಳಿಗೆ ಹತ್ತು–ಹನ್ನೆರಡನೇ ವಯಸ್ಸಿನಿಂದಲೇ ತಪಾಸಣೆ ಶುರುವಾಗುತ್ತದೆ. ಮ್ಯುರ್-ಟೋರೆ ಸಿಂಡ್ರೋಮ್‌ನಲ್ಲಿ ಮುಖ, ರೆಪ್ಪೆಗಳಲ್ಲಿ ಎಣ್ಣೆಗ್ರಂಥಿಯ ಗಡ್ಡೆಗಳು ಕಾಣಿಸುತ್ತವೆ. ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿದರಷ್ಟೇ ಖಚಿತ. ಪ್ಯೂಟ್ಸ್-ಜೆಗರ್ಸ್‌ನಲ್ಲಿ ಗಂಟಲ್ಲ, ಬಾಲ್ಯದಿಂದಲೇ ತುಟಿ ಮತ್ತು ಕೆನ್ನೆಯ ಒಳಭಾಗದಲ್ಲಿ ಕಪ್ಪು ಚುಕ್ಕೆಗಳಿರುತ್ತವೆ.

ಹೆಜ್ಜೆ 2: ಸಕ್ಕರೆ ಪರೀಕ್ಷಿಸಿ. ಸ್ಕಿನ್ ಟ್ಯಾಗ್‌ಗೆ ಗಟ್ಟಿ ನಂಟಿರುವುದು ಬೊಜ್ಜು, ಮಧುಮೇಹ ಮತ್ತು ಇನ್ಸುಲಿನ್ ಪ್ರತಿರೋಧದ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿಯ) ಜೊತೆ. ಕತ್ತಿನ ಚರ್ಮ ಕಪ್ಪಾಗಿ ದಪ್ಪವಾಗಿದ್ದರಂತೂ ತಡಮಾಡಬೇಡಿ. ಬೊಜ್ಜು, ಮಧುಮೇಹಗಳು ಪಾಲಿಪ್‌ನ ಅಪಾಯವನ್ನೂ ಹೆಚ್ಚಿಸುತ್ತವೆ. ಉಂಗುರ, ಚಪ್ಪಲಿ ಬರಬರುತ್ತಾ ಬಿಗಿಯಾಗುತ್ತಿದ್ದರೆ ಅದನ್ನೂ ಹೇಳಿ: ಬೆಳವಣಿಗೆಯ ಹಾರ್ಮೋನ್ ಅತಿಯಾಗುವ ಆಕ್ರೊಮೆಗಲಿಯಲ್ಲಿ ಟ್ಯಾಗ್, ಪಾಲಿಪ್ ಎರಡೂ ಹೆಚ್ಚು.

ಹೆಜ್ಜೆ 3: ಮನೆತನದ ಚರಿತ್ರೆ ಬರೆದಿಡಿ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಥವಾ ದೊಡ್ಡ ಪಾಲಿಪ್ ಆಗಿತ್ತೇ, ಯಾವ ವಯಸ್ಸಿನಲ್ಲಿ? ಆಗಿದ್ದರೆ ಸಾಮಾನ್ಯವಾಗಿ 40ನೇ ವಯಸ್ಸಿನಿಂದ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೊಸ್ಕೋಪಿ ಸೂಚಿಸುತ್ತಾರೆ.

ಹೆಜ್ಜೆ 4: ಮಲದ ಕಡೆ ಗಮನ ಕೊಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ತಾವೇ ತೀರ್ಮಾನಿಸಿ, ಸಂಕೋಚದಿಂದ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಉಳಿಯುವವರು ನಮ್ಮಲ್ಲಿ ತುಂಬಾ ಜನ. ಮೂಲವ್ಯಾಧಿಯೇ ಇರಬಹುದು, ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ರೀತಿ, ಕಾರಣವಿಲ್ಲದೆ ಇಳಿಯುವ ತೂಕ, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇವೂ ಅಷ್ಟೇ ಗಂಭೀರ. ಹೆಚ್ಚಿನ ಪಾಲಿಪ್‌ಗಳು ಯಾವ ಲಕ್ಷಣವನ್ನೂ ತೋರುವುದಿಲ್ಲ. ಅಮೆರಿಕದಲ್ಲಿ 2021ರಿಂದ, ಲಕ್ಷಣವಿಲ್ಲದವರಿಗೂ 45 ತುಂಬಿದ ಮೇಲೆ ತಪಾಸಣೆ ಶಿಫಾರಸು ಮಾಡಿದ್ದಾರೆ.

ಹೆಜ್ಜೆ 5: ಪರೀಕ್ಷೆಗೆ ಸಿದ್ಧರಾಗಿ. ಲಕ್ಷಣವಿಲ್ಲದವರು ಮಲದಲ್ಲಿನ ಅಡಗಿದ ರಕ್ತ ಹುಡುಕುವ ಪರೀಕ್ಷೆಯಿಂದ ಆರಂಭಿಸಬಹುದು. ಫಲಿತಾಂಶ ಪಾಸಿಟಿವ್ ಬಂದರೆ ಕೊಲೊನೊಸ್ಕೋಪಿ ಬೇಕೇಬೇಕು. ಅದರ ಹಿಂದಿನ ದಿನ ಹಗುರ ಆಹಾರ, ಹೊಟ್ಟೆ ತೊಳೆಯುವ ದ್ರಾವಣ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆ ವರದಿಯ ಪ್ರತಿ ಕೇಳಿ ಪಡೆಯಿರಿ. ಪಾಲಿಪ್‌ಗಳ ಸಂಖ್ಯೆ, ಗಾತ್ರ, ಬಗೆ ನೋಡಿಯೇ ಮುಂದಿನ ಪರೀಕ್ಷೆ ಯಾವಾಗ ಎಂದು ವೈದ್ಯರು ನಿಗದಿ ಮಾಡುತ್ತಾರೆ.