ಹೆಸರಿನ ಪಕ್ಕ ಏನು ಬರೆಯಬೇಕು? ನಮ್ಮ ಅಡಿಕೆ ಗುಂಪಿನ ಅನುಭವ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಅಡಿಕೆ ಬೆಳೆಗಾರರದ್ದೊಂದು ಟೆಲಿಗ್ರಾಂ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಕೆಲವರ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಟೈಟಲ್ ಕಾಣುತ್ತದೆ. ‘ಕೊಳೆ ತೀರ್ಥಹಳ್ಳಿ’, ‘ಬಸಿಗಾಲುವೆ ಸಾಗರ’, ಹೀಗೆ. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಬಸಿಗಾಲುವೆ ಅಂದರೆ ತೋಟದ ನೀರು ಹೊರಗೆ ಹರಿಸುವ ಕಾಲುವೆ. ಬೇರೆ ಗುಂಪು ನಡೆಸುವವರು ‘ಇದನ್ನ ಯಾರಿಗೆ ಕೊಟ್ರಿ, ಜಗಳ ಆಗಲಿಲ್ವಾ’ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಪ್ರಕಾರ ಈ ಟೈಟಲ್ ಇರುವುದೇ ಹೊಸಬರಿಗಾಗಿ. ಯಾರಿಗೆ ಯಾವ ವಿಷಯ ಗೊತ್ತು ಅನ್ನುವುದು ಹಳಬರಿಗೆ ಹೇಗೂ ಗೊತ್ತಿರುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ವಾಪಸ್ ಬಂದ ಹುಡುಗನಿಗೆ ಗೊತ್ತಿರುವುದಿಲ್ಲ. ಗದ್ದೆ ಬಿಟ್ಟು ಮೊದಲ ಸಲ ಅಡಿಕೆ ಸಸಿ ನೆಟ್ಟ ಶಿಕಾರಿಪುರದ ಅಕ್ಕನಿಗೂ ಗೊತ್ತಿರುವುದಿಲ್ಲ. ಅವರು ಒಂದು ಪ್ರಶ್ನೆ ಹಾಕಿದರೆ ಹತ್ತು ಕಡೆಯಿಂದ ಹತ್ತು ಉತ್ತರ ಬರುತ್ತದೆ. ಯಾವುದನ್ನು ನಂಬಬೇಕು ಅಂತ ಅವರು ಹೇಗೆ ತಿಳಿಯಬೇಕು?

ಅಡಿಕೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದೇ ಜಿಲ್ಲೆಯ ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಆಗುಂಬೆಯವರು ಕೊಳೆಗೆ ಹೆದರಿ ಔಷಧಿ ಹೊಡೆಯುವ ಲೆಕ್ಕವೇ ಬೇರೆ. ಶಿಕಾರಿಪುರದವರಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ತರುವುದು ಅನ್ನುವ ಚಿಂತೆಯೇ ದೊಡ್ಡದು. ಹಾಗಾಗಿ ಟೈಟಲ್‌ನಲ್ಲಿ ಎರಡು ವಿಷಯ ಇರಲೇಬೇಕು ಅಂತ ತೀರ್ಮಾನ ಮಾಡಿದೆ. ಏನು ಗೊತ್ತು, ಯಾವ ಊರಿನ ಮಳೆಯಲ್ಲಿ ಕಲಿತದ್ದು.

ಟೆಲಿಗ್ರಾಂನಲ್ಲಿ ಅಡ್ಮಿನ್‌ಗಳ ಹೆಸರಿಗೆ ಟೈಟಲ್ ಬರೆಯುವ ಸೌಲಭ್ಯ 2019ರ ಆಗಸ್ಟ್‌ನಲ್ಲಿ ಬಂತು. ನಾನು ಮಾಡಿದ್ದು ಇಷ್ಟೇ. ಟೈಟಲ್ ಕೊಡಬೇಕಾದವರನ್ನು ಅಡ್ಮಿನ್ ಮಾಡಿದೆ. ಲಿಂಕ್ ಕಳಿಸಿ ಜನರನ್ನು ಸೇರಿಸುವ ಅಧಿಕಾರ ಒಂದನ್ನು ಬಿಟ್ಟು, ಮೆಸೇಜ್ ಅಳಿಸುವುದು, ಜನರನ್ನು ಹೊರಗೆ ಹಾಕುವುದು ಎಲ್ಲ ಆಫ್ ಮಾಡಿದೆ. ಟೈಟಲ್ ಬೇರೆ, ಅಧಿಕಾರ ಬೇರೆ. ಇದನ್ನು ಮೊದಲೇ ಎಲ್ಲರಿಗೂ ಹೇಳಿದ್ದರಿಂದ ಜಗಳಕ್ಕೆ ಜಾಗ ಉಳಿಯಲಿಲ್ಲ.

ಟೈಟಲ್‌ಗೆ 16 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಕೊಂಬು, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಅಕ್ಷರವಾಗಿ ಲೆಕ್ಕಕ್ಕೆ ಬರುತ್ತವೆ. ‘ಎಲೆಚುಕ್ಕಿ ಆಗುಂಬೆ’ ಸರಿಯಾಗಿ 16. ‘ಎಲೆಚುಕ್ಕಿ ತೀರ್ಥಹಳ್ಳಿ’ ಹಿಡಿಸುವುದಿಲ್ಲ, ಅದನ್ನು ಚಿಕ್ಕದು ಮಾಡಬೇಕಾಯಿತು. ಜಾಗ ಕಡಿಮೆ ಇದ್ದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಹೊಗಳಿಕೆಯ ಮಾತಿಗೆ ಅಲ್ಲಿ ಎಡೆಯೇ ಇಲ್ಲ.

ಹೊಗಳಿಕೆ ಬೇಕು ಅಂದವರೂ ಇದ್ದರು. ‘ಪ್ರಗತಿಪರ ಕೃಷಿಕ’ ಅಂತ ಹಾಕಿ ಅಂತ ಒಂದಿಬ್ಬರು ಕೇಳಿದರು. ಒಳ್ಳೆಯ ಬೆಳೆಗಾರರೇ ಅವರು. ಆದರೂ ನಾನು ಒಪ್ಪಲಿಲ್ಲ. ಅದನ್ನು ಓದಿದ ಹೊಸಬನಿಗೆ ಇವರ ಹತ್ತಿರ ಏನು ಕೇಳಬಹುದು ಅಂತ ತಿಳಿಯುವುದಿಲ್ಲ. ದೊಡ್ಡ ಮನುಷ್ಯರು, ಸುಮ್ನೆ ಯಾಕೆ ತೊಂದರೆ ಕೊಡುವುದು ಅಂತ ಹಿಂದೆ ಸರಿಯುತ್ತಾನೆ. ‘ಅಣ್ಣಾ, ನಿಮ್ಮ ತೋಟದಲ್ಲಿ ಹಿಡಿಮುಂಡಿಗೆ ವಾಸಿ ಮಾಡಿದ್ರಲ್ಲ, ಅದನ್ನೇ ಬರೀಲಾ?’ ಅಂತ ಒಬ್ಬರಿಗೆ ಕೇಳಿದೆ. ಹಿಡಿಮುಂಡಿಗೆ ಅಂದರೆ ಅಡಿಕೆ ಮರದ ತುದಿಯ ಎಲೆಗಳು ಮುರುಟಿ ಚಿಕ್ಕದಾಗುವ ತೊಂದರೆ. ‘ಅದೇ ಬರಿ ಮಾರಾಯ’ ಅಂದರು. ಈಗ ಹಿಡಿಮುಂಡಿಗೆ ಪ್ರಶ್ನೆ ಬಂದರೆ ಮೊದಲ ಉತ್ತರ ಅವರದ್ದೇ. ನೀರು ಬಸಿಯುತ್ತಿದೆಯಾ, ಕಾಲುವೆ ಎಷ್ಟು ಆಳ ಇದೆ ಅಂತ ಕೇಳಿಯೇ ಮುಂದಿನ ಮಾತು.

ಜಾಸ್ತಿ ಮೆಸೇಜ್ ಹಾಕಿದವರಿಗೆ ‘ಹಿರಿಯ ಸದಸ್ಯ’ ಅಂತ ಕೊಡೋಣ ಅನ್ನುವ ಮಾತೂ ಬಂತು. ಅದಕ್ಕೂ ನಾನು ಬೇಡ ಅಂದೆ. ನಮ್ಮ ಗುಂಪಿನಲ್ಲಿ ಅತಿ ಕಡಿಮೆ ಬರೆಯುವವರು ಒಬ್ಬ ಕೊನೆಗಾರರು, ಅಂದರೆ ಅಡಿಕೆ ಕೊನೆ (ಗೊಂಚಲು) ಕೊಯ್ಯುವವರು. ಸ್ವಂತ ತೋಟ ಇಲ್ಲ. ಊರೂರು ಸುತ್ತಿ ಮರ ಹತ್ತುತ್ತಾರೆ. ಕೊಳೆ ಶುರುವಾದದ್ದನ್ನು ತೋಟದ ಯಜಮಾನ ಕೆಳಗೆ ಉದುರಿದ ಕಾಯಿ ನೋಡಿ ತಿಳಿದರೆ, ಇವರು ಅದಕ್ಕೂ ಮೊದಲೇ ಮೇಲೆ ಕೊನೆಯಲ್ಲಿ ನೋಡಿರುತ್ತಾರೆ. ಮಳೆ ತಾಗದಂತೆ ಕೊನೆಗೆ ಕಟ್ಟಿದ ಯಾವ ಕೊಟ್ಟೆ ಗಾಳಿಗೆ ಹರಿದಿದೆ, ಯಾವ ಕೊನೆಗೆ ಔಷಧಿ ಸರಿಯಾಗಿ ತಾಗಿಲ್ಲ, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಟೈಪ್ ಮಾಡಲು ಬೇಸರ, ವಾಯ್ಸ್ ಕಳಿಸುತ್ತಾರೆ. ಅವರ ಹೆಸರಿನ ಪಕ್ಕ ‘ಕೊನೆಗಾರ’ ಅಂತ ಹಾಕಿದ ಮೇಲೆ ತೋಟದ ಯಜಮಾನರೇ ಅವರಿಗೆ ‘ನೀವು ಹೇಳಿ’ ಅನ್ನತೊಡಗಿದರು. ಗುಂಪು ನಡೆಸಿದ್ದರಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ವಿಷಯ ಇದು.

ಹೊಸದಾಗಿ ಬಂದವರಿಗೆ ‘ಹೊಸಬರು’ ಅನ್ನುವ ಟೈಟಲ್ ಮಾತ್ರ ಕೊಡಲಿಲ್ಲ. ಒಮ್ಮೆ ಅಂಟಿದರೆ ಅದನ್ನು ತೆಗೆಯುವುದು ಯಾವಾಗ, ತೆಗೆಯುವವರು ಯಾರು? ಸುಮ್ಮನೆ ಒಬ್ಬರನ್ನು ಜಗುಲಿಯಲ್ಲೇ ಕೂರಿಸಿದ ಹಾಗೆ.

ಇನ್ನು ಪ್ರಶ್ನೆಗಳು. ಹೊಸಬರಿಂದ ಹೆಚ್ಚಾಗಿ ಬರುವ ಪ್ರಶ್ನೆ ‘ಅಡಿಕೆ ಎಲೆ ಹಳದಿ ಆಗಿದೆ, ಏನು ಹಾಕಬೇಕು?’ ಜೊತೆಗೆ ಒಂದೇ ಒಂದು ಮಸುಕು ಫೋಟೋ. ಇದಕ್ಕೆ ನೇರ ಉತ್ತರ ಯಾರಿಂದಲೂ ಸಾಧ್ಯವಿಲ್ಲ. ಬುಡದಲ್ಲಿ ನೀರು ನಿಂತರೂ ಎಲೆ ಹಳದಿ. ಗೊಬ್ಬರ ಸಾಲದಿದ್ದರೂ ಹಳದಿ. ಎಲೆಚುಕ್ಕಿಯಲ್ಲಿ ಕಂದು ಚುಕ್ಕಿಯ ಸುತ್ತ ಹಳದಿ. ಹಳದಿ ಎಲೆ ರೋಗ ಅಂತಲೇ ಇನ್ನೊಂದು ಇದೆ, ಅದಕ್ಕೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಯಾರೋ ಉತ್ಸಾಹದಲ್ಲಿ ‘ಯೂರಿಯಾ ಹಾಕಿ’ ಅಂದುಬಿಟ್ಟರೆ ದುಡ್ಡೂ ಹೋಯಿತು, ಒಂದು ಹಂಗಾಮೂ ಹೋಯಿತು.

ಅದಕ್ಕೆ ಟೈಟಲ್ ಇರುವವರಿಗೆ ಒಂದೇ ಕೋರಿಕೆ ಇಟ್ಟೆ. ಮೊದಲು ಕೇಳಿ, ಆಮೇಲೆ ಹೇಳಿ. ಯಾವ ತಾಲೂಕು, ಮರಕ್ಕೆ ಎಷ್ಟು ವರ್ಷ, ಒಂದೇ ಮರವೋ ಸಾಲಿಗೆ ಸಾಲೋ, ಹಳದಿ ಶುರುವಾದದ್ದು ಎಲೆಯ ತುದಿಯಿಂದಲೋ ಮಧ್ಯದಿಂದಲೋ, ಕಾಯಿ ಒಡೆದರೆ ಒಳಗೆ ಕಪ್ಪಾಗಿದೆಯಾ. ಇಡೀ ಮರದ್ದೊಂದು, ಎಲೆಯದ್ದೊಂದು, ಬುಡದ್ದೊಂದು ಫೋಟೋ. ಇದನ್ನೇ ಬರೆದು ಗುಂಪಿನ ಮೇಲ್ಗಡೆ ಪಿನ್ ಮಾಡಿದ್ದೇವೆ. ಆದರೆ ‘ಪಿನ್ ಮಾಡಿದ್ದು ಓದಿ’ ಅಂತ ಯಾರೂ ಹೇಳಬಾರದು, ಅದನ್ನೂ ಹೇಳಿದ್ದೇನೆ. ಗಾಬರಿಯಲ್ಲಿ ಬಂದವರು ಓದುವುದಿಲ್ಲ. ತೋಟ ಕಣ್ಣೆದುರೇ ಹಾಳಾಗುತ್ತಿದ್ದರೆ ನಾವೂ ಓದುತ್ತಿರಲಿಲ್ಲ, ಅಲ್ವಾ? ಒಂದೊಂದಾಗಿ ಕೇಳಿದರೆ ಅವರೇ ಹೇಳುತ್ತಾರೆ. ಎಷ್ಟೋ ಸಲ ಬುಡದ ಫೋಟೋ ತೆಗೆಯಲು ಹೋದವರಿಗೆ ಕಾಲುವೆ ಮುಚ್ಚಿಹೋದದ್ದು ಅಲ್ಲೇ ಕಾಣುತ್ತದೆ.

ಔಷಧಿಯ ಅಳತೆ ವಿಷಯದಲ್ಲಿ ಮಾತ್ರ ನಾನು ಬಿಗಿ. ಟೈಟಲ್ ಇಲ್ಲದವರು ಅಳತೆ ಬರೆಯುವಂತಿಲ್ಲ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಎಲ್ಲರಿಗೂ ಬಾಯಿಪಾಠ. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬಳಸಬಾರದು ಅನ್ನುವುದನ್ನು ಹೇಳಲು ಮರೆಯುತ್ತಾರೆ. ಬೆರೆಸಿದ ಮೇಲೆ ಉಜ್ಜಿ ತೊಳೆದ ಚಾಕು ಅದ್ದಿ ನೋಡಬೇಕು. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸೇರಿಸಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಬೇರೆ ಅಂಗಡಿ ಔಷಧಿಗಳಿಗೆ ನಾವು ಅಳತೆ ಹೇಳುವುದೇ ಇಲ್ಲ. ಡಬ್ಬದ ಮೇಲಿನದ್ದು ನೋಡಿ, ಇಲ್ಲವೇ ತೋಟಗಾರಿಕೆ ಇಲಾಖೆಗೆ ಕೇಳಿ ಅನ್ನುತ್ತೇವೆ.

ಜೂನ್, ಜುಲೈನಲ್ಲಿ ಪ್ರಶ್ನೆಗಳ ಹೊಳೆಯೇ ಹರಿಯುತ್ತದೆ. ಆಗ ಸ್ಲೋ ಮೋಡ್ ಹಾಕುತ್ತೇನೆ, ಒಬ್ಬರು ಒಂದು ಮೆಸೇಜ್ ಹಾಕಿದರೆ ಮುಂದಿನದ್ದಕ್ಕೆ ಐದು ನಿಮಿಷ ಕಾಯಬೇಕು. ಅಡ್ಮಿನ್‌ಗಳಿಗೆ ಈ ತಡೆ ಇಲ್ಲ, ಹಾಗಾಗಿ ಟೈಟಲ್ ಇರುವವರ ಉತ್ತರ ನಿಲ್ಲುವುದಿಲ್ಲ. ಹರಟೆ ಕಡಿಮೆಯಾಗಿ ಹೊಸಬರ ಪ್ರಶ್ನೆ ಮೇಲೆ ಉಳಿಯುತ್ತದೆ.

ದರದ ವಿಷಯಕ್ಕೆ ಯಾರಿಗೂ ಟೈಟಲ್ ಇಲ್ಲ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ದರ್ಜೆಗಳು ಅಂದರೆ ಏನು ಅಂತ ಹೊಸಬರಿಗೆ ಯಾರು ಬೇಕಾದರೂ ವಿವರಿಸಲಿ. ನಾಳೆ ದರ ಏರುತ್ತದೋ ಇಳಿಯುತ್ತದೋ ಅಂತ ಹೇಳುವವರಿಗೆ ಗುಂಪಿನ ಮುದ್ರೆ ಒತ್ತಲು ನಾನು ತಯಾರಿಲ್ಲ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಟೈಟಲ್‌ಗಳನ್ನು ಮತ್ತೆ ನೋಡುತ್ತೇವೆ. ತೋಟ ಮಗನಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ‘ಈಗ ಔಷಧಿ ಕೆಲಸ ಅವನೇ ನೋಡ್ತಾನೆ, ಅವನಿಗೇ ಕೊಡಿ’ ಅಂತ ತಾವಾಗಿಯೇ ಹೇಳಿದರು. ಎರಡು ವರ್ಷದ ಹಿಂದೆ ‘ಸಸಿ ಎಷ್ಟು ಅಂತರಕ್ಕೆ ನೆಡಬೇಕು’ ಅಂತ ಕೇಳಿಕೊಂಡು ಬಂದಿದ್ದ ಶಿಕಾರಿಪುರದ ಅಕ್ಕನ ಹೆಸರಿನ ಪಕ್ಕ ಈಗ ‘ಹನಿ ನೀರಾವರಿ’ ಇದೆ. ಊರಿನ ಹೆಸರಿಗೆ ಜಾಗ ಸಾಲಲಿಲ್ಲ, ಅದನ್ನು ಅವರು ಪ್ರತಿ ಉತ್ತರದ ಮೊದಲ ಸಾಲಿನಲ್ಲೇ ಬರೆಯುತ್ತಾರೆ. ಸದ್ಯ ಅಡಿಕೆ ಒಣಗಿಸುವ ಡ್ರೈಯರ್ ಬಗ್ಗೆ ಪ್ರಶ್ನೆ ಜಾಸ್ತಿ ಬರುತ್ತಿದೆ, ಹೇಳುವವರು ಯಾರೂ ಇಲ್ಲ. ಮಳೆ ದಿನಗಳಲ್ಲಿ ಡ್ರೈಯರ್ ಓಡಿಸಿ, ಕಟ್ಟಿಗೆ ಎಷ್ಟು ಹಿಡಿಯುತ್ತದೆ, ಅಡಿಕೆ ಬಣ್ಣ ಹೇಗೆ ಬರುತ್ತದೆ ಅಂತ ನೋಡಿದವರು ಒಬ್ಬರು ಬೇಕಾಗಿದ್ದಾರೆ.