ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ

ಹುಬ್ಬಳ್ಳಿಯಲ್ಲಿ ಇಇಜಿ, ಅಂದರೆ ತಲೆಗೆ ತಂತಿ ಹಚ್ಚಿ ಮಿದುಳಿನ ಕರೆಂಟ್ ಅಳೆಯುವ ಪರೀಕ್ಷೆಯ ಟೆಕ್ನಿಷಿಯನ್ ಕೆಲಸ ನನ್ನದು. ಫಿಟ್ಸ್ ಬರುತ್ತದೆ ಅಂತ ರೋಣ, ನವಲಗುಂದ, ಸವಣೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೇ ಜಾಸ್ತಿ. ದವಾಖಾನೆಗೆ ಹೊರಟರೆ ನಮ್ಮವರು ಎಣ್ಣೆ ಹಚ್ಚಿ, ಬಾಚಿಕೊಂಡೇ ಬರುತ್ತಾರೆ. ನನಗೆ ಆ ಎಣ್ಣೆಯೇ ವೈರಿ.

"ಯವ್ವಾ, ಶಾಂಪೂ ಹಾಕಿ ತಲಿ ತೊಳಕೊಂಡು ಬರ್ರಿ ಅಂತ ಹೇಳಿದ್ವಲ್ಲ?"

"ತೊಳದೀನೋ ತಮ್ಮಾ. ಆಮ್ಯಾಲೆ ಚೂರು ಎಣ್ಣಿ ಹಚ್ಚೀನಿ."

ಇನ್ನು ಬರುವವರಿಗೆ ಶಾಕ್ ಕೊಡುತ್ತಾರೆ ಅನ್ನುವ ಹೆದರಿಕೆ. ನಾವು ತಲೆಗೆ ಕರೆಂಟ್ ಕೊಡುವುದಿಲ್ಲ, ತಲೆಯಲ್ಲಿ ಇರುವುದನ್ನೇ ಅಳೆಯುತ್ತೇವೆ. ಮಿದುಳಿನ ನರಕೋಶಗಳು ಮಾತಾಡಿಕೊಳ್ಳುವುದೇ ಕರೆಂಟಿನಲ್ಲಿ. ಕೆಲವು ರಾಸಾಯನಿಕಗಳು ಅವನ್ನು ಕೆರಳಿಸುತ್ತವೆ, ಕೆಲವು ತಡೆಯುತ್ತವೆ. ಈ ತೂಕ ತಪ್ಪಿ ಸಾವಿರಾರು ಕೋಶಗಳು ಒಟ್ಟಿಗೆ ಸಿಡಿಯತೊಡಗಿದರೆ ಅದೇ ಫಿಟ್ಸ್. ಸಂಜೆ ದುರ್ಗದಬೈಲ್‌ನಲ್ಲಿ ಒಬ್ಬೊಬ್ಬ ವ್ಯಾಪಾರಿಯದು ಒಂದೊಂದು ಕೂಗು. ಎಲ್ಲರೂ ಒಮ್ಮೆಲೇ ಒಂದೇ ಮಾತು ಕೂಗತೊಡಗಿದರೆ ಹೇಗೋ ಹಾಗೆ. ಕೈಕಾಲು ಆಡಿಸುವ ಜಾಗದಲ್ಲಿ ಹೀಗಾದರೆ ಕೈ ಜಗ್ಗುತ್ತದೆ, ನೋಟದ ಜಾಗದಲ್ಲಾದರೆ ಕಣ್ಣಮುಂದೆ ಬಣ್ಣ ಕುಣಿಯುತ್ತವೆ.

ಆದರೆ ಬುರುಡೆ, ಚರ್ಮ ದಾಟಿ ನನ್ನ ತಂತಿಗೆ ಬರುವ ಹೊತ್ತಿಗೆ ಉಳಿಯುವುದು 10ರಿಂದ 100 ಮೈಕ್ರೋವೋಲ್ಟ್ ಅಷ್ಟೇ. ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೋವೋಲ್ಟ್. ಇಷ್ಟು ಸಣ್ಣದಕ್ಕೆ ಎಣ್ಣೆಯ ಪದರವೂ ಅಡ್ಡಿ, ಅದಕ್ಕೇ ಎಣ್ಣೆ ಬೇಡ ಅನ್ನುವುದು.

ಮೊದಲು ಟೇಪ್ ಹಿಡಿದು, ಕಣ್ಣುಗಳ ನಡುವೆ ಮೂಗು ಶುರುವಾಗುವ ಕಡೆಯಿಂದ ತಲೆಯ ಹಿಂದಿನ ಉಬ್ಬಿನವರೆಗೆ ಅಳೆಯುತ್ತೇನೆ. 36 ಸೆಂಟಿಮೀಟರ್ ಬಂತು ಅನ್ನಿ, 3.6ಕ್ಕೆ ಮೊದಲ ಗುರುತು, ಆಮೇಲೆ 7.2ಕ್ಕೊಂದು. ಶೇಕಡಾ 10, ಶೇಕಡಾ 20ರ ಈ ಲೆಕ್ಕ 1958ರಲ್ಲಿ ಮಿದುಳು ವಿಜ್ಞಾನಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ್ದು, ಈಗಲೂ ಅದೇ ನಡೆಯುತ್ತದೆ. ಗುರುತಿನ ಹತ್ತಿರ ಕೂದಲು ಸರಿಸಿ, ಜೆಲ್‌ನಿಂದ ಚರ್ಮ ಉಜ್ಜಿ, ಪೇಸ್ಟ್ ತುಂಬಿದ ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡ್ ಒತ್ತುತ್ತೇನೆ. ಇಂಪಿಡೆನ್ಸ್, ಅಂದರೆ ಅಲ್ಲಿ ಕರೆಂಟಿಗೆ ಇರುವ ಅಡ್ಡಿ, 5 ಕಿಲೋಓಮ್‌ಗಿಂತ ಕೆಳಗೆ ಇಳಿಯುವ ತನಕ ರೆಕಾರ್ಡಿಂಗ್ ಶುರು ಮಾಡುವುದಿಲ್ಲ. ಕೆಲವರು ಅವಸರ ಮಾಡುತ್ತಾರೆ, ನಾನು ಮಾಡಲ್ಲ.

ಶುರುವಾದ ಮೇಲೆ ಕಳ್ಳ ಅಲೆಗಳ ಕಾಟ. ಕಣ್ಣು ಮಿಟುಕಿಸಿದರೆ ಮುಂದಿನ ಗೆರೆಗಳು ನೆಗೆಯುತ್ತವೆ, ಹಲ್ಲು ಕಚ್ಚಿದರೆ ಪರದೆಯೆಲ್ಲ ಕಪ್ಪಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೆವರಿದರೆ ಗೆರೆಗಳು ತೇಲಾಡುತ್ತವೆ. ಪಕ್ಕದ ಮೊಬೈಲ್ ಚಾರ್ಜರ್‌ನಿಂದ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ ಬೇರೆ. ಇವನ್ನೆಲ್ಲ ಆಗಿಂದಾಗಲೇ ಬರೆದಿಡಬೇಕು. ಇಲ್ಲದಿದ್ದರೆ ಸುಮ್ನೆ ಹಲ್ಲು ಕಚ್ಚಿದ್ದೂ ರೋಗದ ಹಾಗೆ ಕಾಣಬಹುದು.

ಗದಗ ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಸಾಲಿಯಲ್ಲಿ "ಲಕ್ಷ್ಯ ಇಲ್ಲ" ಅಂತ ಬೈಸಿಕೊಳ್ಳುತ್ತಿದ್ದ ಮಗು. ಮೂರು ನಿಮಿಷ ಜೋರಾಗಿ ಉಸಿರು ಬಿಡುವ ಪರೀಕ್ಷೆ ಇದೆ. ಅವಳ ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಊದಿಸುತ್ತಿದ್ದೆ. ನಡುವೆ ಊದುವುದು ನಿಂತಿತು, ಕಣ್ಣು ನೆಟ್ಟವು. ಪರದೆಯಲ್ಲಿ ಸೆಕೆಂಡಿಗೆ ಮೂರರಂತೆ ಮೊನೆ-ಅಲೆ, ಮೊನೆ-ಅಲೆ, ಎಲ್ಲ ಗೆರೆಗಳಲ್ಲೂ ಒಟ್ಟಿಗೆ. ಕೈಕಾಲು ಜಗ್ಗದೆ, ಸ್ವಲ್ಪ ಹೊತ್ತು ಎಚ್ಚರ ಮಾತ್ರ ತಪ್ಪುವ ಫಿಟ್ಸ್‌ನಲ್ಲಿ ಅಮೆರಿಕದ ಸಂಶೋಧಕರಾದ ಗಿಬ್ಸ್, ಡೇವಿಸ್, ಲೆನಾಕ್ಸ್ 1935ರಲ್ಲೇ ತೋರಿಸಿದ್ದ ಅದೇ ಚಿತ್ರ. ಅಷ್ಟರಲ್ಲಿ "ಮಾವಿನಹಣ್ಣು" ಅಂದೆ. ಅಲೆ ನಿಂತ ಕೂಡಲೇ ಅವಳು ಮತ್ತೆ ಊದತೊಡಗಿದಳು. "ನಾ ಏನಂದೆ?" ಅಂತ ಕೇಳಿದರೆ, "ಏನೂ ಅಂದಿಲ್ಲಲ್ರಿ!" ಅವರಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಎಲ್ಲರದೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಮೂರ್ಛೆ ರೋಗ ಇಲ್ಲ ಅಂತ ಅಲ್ಲ. ಮಿದುಳಿನ ಆಳದಲ್ಲಿ ಎದ್ದದ್ದು ನೆತ್ತಿಯವರೆಗೆ ಬರದೇ ಇರಬಹುದು. ನಿದ್ದೆಗೆ ಜಾರುವಾಗ ಮೊನೆಗಳು ಹೆಚ್ಚು ಕಾಣುತ್ತವೆ, ಅದಕ್ಕೇ ಕೆಲವರಿಗೆ ಹಿಂದಿನ ರಾತ್ರಿ ಕಡಿಮೆ ಮಲಗಲು ಹೇಳುವುದು. ಗುಳಿಗೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ.

ಮನೆಯವರಿಗೆ ಒಂದು ಮಾತು ಹೇಳುತ್ತೇನೆ. ಫಿಟ್ಸ್ ಬಂದಾಗ ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬಿಡಿ, ಪಕ್ಕಕ್ಕೆ ಹೊರಳಿಸಿ. ಒಬ್ಬರು ಫೋನಿನಲ್ಲಿ ವಿಡಿಯೋ ಮಾಡಲಿ. ಮುಖ, ಎರಡೂ ಕೈ ಕಾಣಬೇಕು, ಮೊದಲು ಯಾವ ಕಡೆ ಜಗ್ಗಿತು ಅನ್ನುವುದು ಸಿಗಬೇಕು. ಐದು ನಿಮಿಷ ದಾಟಿದರೆ ವಿಡಿಯೋ ಬಿಟ್ಟು ದವಾಖಾನೆಗೆ ಓಡಿ. ಇಇಜಿಗೆ ಬರುವಾಗ ಆ ಫೋನ್ ಮರೆಯದೆ ತನ್ನಿ.