ಗುಡ್ಡೆಮನೆಗಳಲ್ಲಿ ಒಂದು ವರ್ಷ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಒಳಕ್ಕೆ ಹೋಗುವ ರಸ್ತೆಗಳಲ್ಲಿ ಹಲವು ಯಾರದ್ದೋ ಅಡಿಕೆ ತೋಟದ ಬದಿಯಲ್ಲಿ ಮುಗಿಯುತ್ತವೆ. ಮುಂದೆ ಬ್ಯಾಗು ಹೆಗಲಿಗೇರಿಸಿ, ಸಂಕ (ಕಾಲುಸೇತುವೆ) ದಾಟಿ, ಗುಡ್ಡೆ ಹತ್ತಬೇಕು. ಈ ಕಡೆ ಪಾಲಿಯೇಟಿವ್ ನರ್ಸ್, ಅಂದರೆ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ನರ್ಸ್ ಆಗಿ ನನಗೊಂದು ವರ್ಷವಾಯಿತು. ಒಂದು ಮನೆಗೆ ನಾವು ಹೋಗುವುದು ತಿಂಗಳಿಗೊಮ್ಮೆ, ಹೆಚ್ಚೆಂದರೆ ಎರಡು ಸಲ. ಉಳಿದ ದಿನಗಳಲ್ಲಿ ನೋಡಿಕೊಳ್ಳುವವಳು ಹೆಂಡತಿ, ಇಲ್ಲವೇ ತಾಯಿ. ಹಾಗಾಗಿ ನಾನು ಮದ್ದು ಕೊಟ್ಟದ್ದಕ್ಕಿಂತ ಆ ಹೆಂಗಸರಿಗೆ ಕೆಲಸ ಕಲಿಸಿದ್ದೇ ಹೆಚ್ಚು.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿ, ಜಾರಿ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದವರು ಇಲ್ಲಿದ್ದಾರೆ. ನೋವೇ ಗೊತ್ತಾಗದ ಮೈ ಅದು. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನಿನ ಬುಡ, ಸೊಂಟದ ಬದಿ, ಹಿಮ್ಮಡಿ ಕೆಂಪಾಗುತ್ತವೆ. ಕೆಂಪಾದಲ್ಲಿ ಬೆರಳಿಂದ ಒತ್ತಿದಾಗ ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ನಡುವೆ ತೂತಿರುವ ರಬ್ಬರ್ ದಿಂಬನ್ನೂ ಇಡಬಾರದು. ಎರಡೂ ಹುಣ್ಣನ್ನು ಹೆಚ್ಚಿಸುತ್ತವೆ.

ಏರ್‌ಬೆಡ್ ಒಳ್ಳೆಯದೇ, ಆದರೆ ಅದರ ಪಂಪಿಗೆ ಕರೆಂಟ್ ಬೇಕು. ಆಟಿ ತಿಂಗಳ ಮಳೆಗಾಳಿಗೆ ಮರ ಬಿದ್ದು ಲೈನ್ ತುಂಡಾದರೆ ಗುಡ್ಡೆಮೇಲಿನ ಮನೆಗೆ ಕರೆಂಟ್ ಬರುವುದು ಕಡೆಗೆ. ಅಂಥ ಮನೆಗಳಿಗೆ ನಾನು ವಾಟರ್‌ಬೆಡ್ಡನ್ನೇ ಕೇಳುತ್ತೇನೆ. ಮಂಚದ ಮೇಲೆ ಹಾಸಿದ ನಂತರವೇ ನೀರು ತುಂಬಬೇಕು, ತುಂಬಿದ ಮೇಲೆ ಯಾರಿಂದಲೂ ಎತ್ತಲಾಗದು. ಒಂದು ಮನೆಯಲ್ಲಿ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲದ) ನೀರು ಪೈಪಿನಲ್ಲಿ ಅಂಗಳಕ್ಕೆ ಬರುತ್ತಿತ್ತು. ಅದನ್ನೇ ಕಿಟಕಿಯಿಂದ ಒಳಗೆಳೆದು ತುಂಬಿಸಿ, ಗಾಳಿಗುಳ್ಳೆಗಳನ್ನು ಅಂಗೈಯಿಂದ ಬಾಯಿಯ ಕಡೆಗೆ ಒತ್ತಿ ಹೊರಹಾಕಿ, ಬಿರಡೆ ಬಿಗಿದೆವು.

ಹಾಸಿಗೆ ಯಾವುದಾದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಎರಡು ಗಂಟೆಗೊಮ್ಮೆ ಎಂದದ್ದಕ್ಕೆ ಆ ಮನೆಯ ಅಕ್ಕ, "ಸಿಸ್ಟರೇ, ಗಡಿಯಾರ ನೋಡ್ಲಿಕ್ಕೆ ನನಗೆಲ್ಲಿ ಪುರುಸೊತ್ತುಂಟು?" ಎಂದರು. ಸರಿಯಾದ ಮಾತು. ಇಬ್ಬರೂ ಕೂತು ಅವರ ದಿನವನ್ನೇ ಹಂಚಿದೆವು. ಹಾಲು ಕರೆದು ಬಂದಾಗ ಎಡಕ್ಕೆ, ಗಂಜಿ ಕುಡಿಸುವ ಮೊದಲು ಅಂಗಾತ, ದನಕ್ಕೆ ಹುಲ್ಲು ಹಾಕಿ ಬಂದು ಬಲಕ್ಕೆ. ರಾತ್ರಿಯ ಪಾಳಿ ಮಗನದ್ದು; ಅವನು ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡ. ಇನ್ನು ಯೂರಿನ್ ಬ್ಯಾಗು ಸೊಂಟಕ್ಕಿಂತ ಕೆಳಗೇ ಇರಬೇಕು, ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು ಎಂಬುದು ಒಂದೆರಡು ಸಲ ತೋರಿಸಿದರೆ ಬಂದುಬಿಡುತ್ತದೆ.

ನಾವು ತುಂಬಿಸುವ ವರದಿಯಲ್ಲಿ ಎಷ್ಟು ಮನೆಗೆ ಹೋದಿರಿ ಎಂಬ ಕಾಲಂ ಇದೆ, ಎಷ್ಟು ಹುಣ್ಣು ಮಾಗಿತು ಎಂಬುದಿಲ್ಲ. ನಾನು ಅದಕ್ಕೆ ಬೇರೆ ಪುಸ್ತಕ ಇಟ್ಟಿದ್ದೇನೆ, ಮೇಲಿನವರು ಕೇಳಲಿ, ಬಿಡಲಿ.

ನನ್ನನ್ನು ಹೆಚ್ಚು ಕಾಡುವುದು ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ಮನೆಗಳು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಚಿಮುಕಿಸುವುದು 2000ಕ್ಕೇ ನಿಂತಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಚಿಮುಕಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ಪ್ರಾಯದವರು, ಎತ್ತಿ ಮೀಯಿಸುವ ತಾಯಂದಿರಿಗೆ ಅರುವತ್ತು ದಾಟಿದೆ. ದೊಡ್ಡ ಮೈಯನ್ನು ಒಬ್ಬಳೇ ಎತ್ತಿದರೆ ಅವಳ ಬೆನ್ನೂ ಹೋಗುತ್ತದೆ. ಹಾಗಾಗಿ ಎತ್ತುವ ಬದಲು ಅಡಿಯಲ್ಲಿ ಮಡಚಿದ ಬೆಡ್‌ಶೀಟ್ ಹಾಕಿ, ಅದರ ಅಂಚು ಹಿಡಿದು ಹೊರಳಿಸುವುದನ್ನು ಕಲಿಸುತ್ತೇನೆ. ಅದಕ್ಕೂ ಇಬ್ಬರಿದ್ದರೆ ಒಳ್ಳೆಯದು. ಅಂಥ ಒಂದು ಮನೆಯ ನೆರೆಯಲ್ಲಿರುವ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪಿನ ಇಬ್ಬರು ಹೆಂಗಸರನ್ನು ಕೇಳಿದ್ದೇನೆ, ವಾರಕ್ಕೊಂದು ಮಧ್ಯಾಹ್ನ ತಾಯಿಗೆ ಬಿಡುವು ಕೊಡಿ ಎಂದು. ಒಬ್ಬರು ಆಗಲೇ ಬರುತ್ತಿದ್ದಾರೆ. ಇನ್ನೊಬ್ಬರು ಅಡಿಕೆ ಸುಲಿಯುವ ಕೆಲಸ ಮುಗಿಯಲಿ ಎಂದಿದ್ದಾರೆ.